ಬ್ಯಾಂಟಿಂಗನ ಋಣ

ನವೆಂಬರ್ ೧೪ ಬಂತೆಂದರೆ ನಮ್ಮ ಶಾಲೆಗಳಲ್ಲಿ ಮಕ್ಕಳ ದಿನಾಚರಣೆಯ ಸಡಗರ. ನೆಹರೂ ಅವರ ಭಾವಚಿತ್ರಕ್ಕೆ ಹಾರ, ಹೆಡ್‌ಮಾಸ್ತರರ ಭಾಷಣ, ಕೊನೆಗೆ ಸಾಲಾಗಿ ನಿಂತ ಮಕ್ಕಳಿಗೆಲ್ಲ ಒಂದೊಂದು ಲಾಡು. ೧೯೭೮ರಲ್ಲಿ, ನಾನು ಐದನೆಯ ತರಗತಿಯಲ್ಲಿದ್ದಾಗ, ಆ ಲಾಡುವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮನೆಯವರೆಗೆ ನಡೆದುಬಂದು ತಮ್ಮನ ಕೈಗೆ ಹಾಕಿದೆ. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ನನಗೆ ಸಿಹಿಮೂತ್ರ ರೋಗವೆಂದು ವೈದ್ಯರು ಹೇಳಿದ್ದರು. ಮುದುಕರಿಗೆ ಬರತಕ್ಕ ರೋಗ ಹತ್ತು ವರ್ಷದ ಹುಡುಗನಿಗೆ ಹೇಗೆ ಬಂತೆಂದು ಓಣಿಯವರೆಲ್ಲ ಬೆರಗಾದರು. ಇದು ಮುದುಕರ ರೋಗವಲ್ಲ, ಟೈಪ್ ಒನ್ ಎಂಬ ಬೇರೆಯೇ ಬಗೆಯದು. ದೇಹವು ತನ್ನದೇ ಆದ ಜೀವಕೋಶಗಳನ್ನು, ಇನ್ಸುಲಿನ್ ಸ್ರವಿಸುವ ಕೋಶಗಳನ್ನು, ಶತ್ರುಗಳೆಂದು ಭ್ರಮಿಸಿ ಕೊಲ್ಲುವುದರಿಂದ ಬರುವಂಥದು ಎಂದು ತಿಳಿಯುವಷ್ಟು ವಿವೇಚನೆ ನನಗೂ ಆಗ ಇರಲಿಲ್ಲ. ಅಂದಿನಿಂದ ಈವರೆಗೆ ಇನ್ಸುಲಿನ್ ಇಲ್ಲದೆ ನಾನು ಒಂದು ದಿನವನ್ನೂ ಕಳೆದಿಲ್ಲ, ಕಳೆಯುವಂತೆಯೂ ಇಲ್ಲ.

ಅದೇ ನವೆಂಬರ್ ೧೪ ಇನ್ನೊಬ್ಬನ ಜನ್ಮದಿನವೂ ಹೌದೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ನಾನೇ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದ ಬಳಿಕ. ನೆಹರೂ ಹುಟ್ಟಿದ್ದು ೧೮೮೯ರಲ್ಲಿ. ಅದಾದ ಎರಡು ವರ್ಷಕ್ಕೆ, ೧೮೯೧ರ ಅದೇ ದಿನ, ಕೆನಡಾದ ಆಂಟೇರಿಯೊ ಪ್ರಾಂತ್ಯದ ಆಲಿಸ್ಟನ್ ಎಂಬ ಊರಿನ ಬಳಿ, ಒಬ್ಬ ಒಕ್ಕಲಿಗನ ಮನೆಯಲ್ಲಿ ಫ್ರೆಡರಿಕ್ ಗ್ರಾಂಟ್ ಬ್ಯಾಂಟಿಂಗನು ಹುಟ್ಟಿದನು. ೧೯೯೧ರಿಂದ ಆ ದಿನವನ್ನು ಜಗತ್ತು ವಿಶ್ವ ಮಧುಮೇಹ ದಿನವೆಂದು ಆಚರಿಸುತ್ತಿದೆ. ಯಾರ ಋಣದಿಂದ ನಾನು ಉಸಿರಾಡುತ್ತಿದ್ದೇನೆಯೋ ಆತನ ಹುಟ್ಟುಹಬ್ಬದಂದೇ ನಾನು ಲಾಡುವನ್ನು ತಮ್ಮನಿಗೆ ಕೊಟ್ಟಿದ್ದೆ. ಈ ವಿಚಿತ್ರ ಮನಸ್ಸಿಗೆ ಬಂದ ದಿನದಿಂದ ಆತನ ಜೀವನದ ವಿವರಗಳನ್ನು ಒಂದೊಂದಾಗಿ ಕೂಡಿಸುತ್ತ ಬಂದಿದ್ದೇನೆ. ಅದು ಮಹಾಪುರುಷರ ಚರಿತ್ರೆಗಳ ಅಚ್ಚಿನಲ್ಲಿ ಕೂರುವ ಜೀವನವಲ್ಲ. ಅದಕ್ಕಾಗಿಯೇ ನನಗೆ ಹತ್ತಿರವಾದದ್ದು.

ಐವರು ಮಕ್ಕಳಲ್ಲಿ ಬ್ಯಾಂಟಿಂಗನೇ ಕಿರಿಯ. ಓದಿನಲ್ಲಿ ಚುರುಕೆಂದು ಯಾರೂ ಎಣಿಸಿರಲಿಲ್ಲ. ೧೯೧೦ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ವಿಕ್ಟೋರಿಯಾ ಕಾಲೇಜಿಗೆ ಸೇರಿದವನು ಮೊದಲ ವರ್ಷದ ಪರೀಕ್ಷೆಯಲ್ಲಿಯೇ ಅನುತ್ತೀರ್ಣನಾದನು. ೧೯೧೨ರಲ್ಲಿ ವೈದ್ಯಶಾಸ್ತ್ರಕ್ಕೆ ತಿರುಗಿದನು. ಅಷ್ಟರಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಸೈನ್ಯಕ್ಕೆ ವೈದ್ಯರು ಬೇಕಾಗಿದ್ದುದರಿಂದ ವ್ಯಾಸಂಗವನ್ನು ಅವಸರದಲ್ಲಿ ಮುಗಿಸಿ, ೧೯೧೬ರ ಡಿಸೆಂಬರಿನಲ್ಲಿ ಪದವಿ ಕೊಟ್ಟು ಕಳುಹಿಸಿದರು. ೧೯೧೮ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಕಾಂಬ್ರೇ ರಣರಂಗದಲ್ಲಿ ಸಿಡಿಗುಂಡಿನ ಚೂರು ಆತನ ಬಲತೋಳನ್ನು ಸೀಳಿತು. ಗುಂಡಿನ ಮಳೆಯ ನಡುವೆ ಗಾಯಾಳುಗಳ ಆರೈಕೆ ಮಾಡಿದ ಧೈರ್ಯಕ್ಕಾಗಿ ಆತನಿಗೆ ಮಿಲಿಟರಿ ಕ್ರಾಸ್ ಪದಕ ದೊರೆಯಿತು.

ಪದಕದಿಂದ ಹೊಟ್ಟೆ ತುಂಬುವುದಿಲ್ಲ. ಟೊರಾಂಟೊದಲ್ಲಿ ಬಯಸಿದ ಕೆಲಸ ಸಿಕ್ಕದೆ, ೧೯೨೦ರ ಜುಲೈ ತಿಂಗಳಲ್ಲಿ ಬ್ಯಾಂಟಿಂಗನು ಆಂಟೇರಿಯೊದ ಲಂಡನ್ ಎಂಬ ಪಟ್ಟಣದಲ್ಲಿ ಮನೆ ಕೊಂಡು, ಬಾಗಿಲಿಗೆ ಫಲಕ ತೂಗುಹಾಕಿ, ರೋಗಿಗಳಿಗಾಗಿ ಕಾದು ಕುಳಿತನು. ಹೆಚ್ಚುಕಡಿಮೆ ಒಂದು ತಿಂಗಳು ಯಾರೂ ಬರಲಿಲ್ಲ. ಆ ಮೊದಲ ತಿಂಗಳ ಸಂಪಾದನೆ ೪ ಡಾಲರು. ಹೊಟ್ಟೆಪಾಡಿಗಾಗಿ ಊರಿನ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಸಣ್ಣ ಕೆಲಸವೊಂದನ್ನು ಒಪ್ಪಿಕೊಂಡನು. ಅಕ್ಟೋಬರ್ ೩೦ರ ರಾತ್ರಿ ಮರುದಿನಗಳ ಪಾಠಕ್ಕೆಂದು ಸಿದ್ಧತೆ ನಡೆಸಿದ್ದನು. ಆ ವಿಷಯದಲ್ಲಿ ಆತ ಪಂಡಿತನೇನೂ ಅಲ್ಲ. ನಾಳೆಯ ತರಗತಿಯ ಭಯದಿಂದ ಇರುಳು ಓದುವ ಅಧ್ಯಾಪಕನ ಪಾಡು ನನಗೂ ಗೊತ್ತಿರುವುದರಿಂದ ಈ ದೃಶ್ಯ ನನ್ನ ಕಣ್ಣಿಗೆ ಕಟ್ಟುತ್ತದೆ.

ಇಲ್ಲಿ ದೇಹದ ಒಂದು ರಹಸ್ಯವನ್ನು ಹೇಳಬೇಕು. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜ್ಜೀರಕ ಗ್ರಂಥಿಗೆ ಎರಡು ಕೆಲಸಗಳಿವೆ. ಒಂದು, ಜೀರ್ಣರಸವನ್ನು ನಾಳದ ಮೂಲಕ ಕರುಳಿಗೆ ಹರಿಸುವುದು. ಎರಡನೆಯದು ಗುಟ್ಟಿನ ಕೆಲಸ. ಗ್ರಂಥಿಯೊಳಗೆ ಅಲ್ಲಲ್ಲಿ ಚೆದರಿಕೊಂಡಿರುವ ಜೀವಕೋಶಗಳ ಕಿರುದ್ವೀಪಗಳನ್ನು ೧೮೬೯ರಲ್ಲಿ ಜರ್ಮನಿಯ ಲ್ಯಾಂಗರ್‌ಹಾನ್ಸನು ಗುರುತಿಸಿದ್ದನು. ೧೮೮೯ರಲ್ಲಿ ಮಿಂಕೋವ್‌ಸ್ಕಿ ಮತ್ತು ಮೆರಿಂಗ್ ಎಂಬವರು ನಾಯಿಯ ಈ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂತು. ಆ ದ್ವೀಪಗಳಿಂದ ಯಾವುದೋ ರಸ ನೇರವಾಗಿ ರಕ್ತಕ್ಕೆ ಇಳಿದು ಸಕ್ಕರೆಯನ್ನು ಹದ್ದಿನಲ್ಲಿಡುತ್ತದೆಂದು ವಿದ್ವಾಂಸರು ತರ್ಕಿಸಿದರು. ಅದನ್ನು ಹೊರತೆಗೆಯಲು ಹಲವರು ಹೆಣಗಿದರು. ರುಮೇನಿಯಾದ ಪೌಲೆಸ್ಕು ಎಂಬಾತನು ಬಹಳ ಹತ್ತಿರಕ್ಕೆ ಬಂದು, ೧೯೨೧ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿಯೂ ಬಹುಕಾಲ ಮರೆಯಲ್ಲೇ ಉಳಿದನು.

ಆ ರಾತ್ರಿ ಬ್ಯಾಂಟಿಂಗನು ಓದಿದ್ದು ಮೋಸೆಸ್ ಬ್ಯಾರನ್ ಎಂಬ ವೈದ್ಯನ ಒಂದು ಲೇಖನ. ಕಲ್ಲು ಸಿಕ್ಕಿ ನಾಳ ಮುಚ್ಚಿಹೋದ ಗ್ರಂಥಿಯೊಂದರಲ್ಲಿ ಜೀರ್ಣರಸದ ಕೋಶಗಳು ಮುರುಟಿಹೋಗಿದ್ದರೂ ದ್ವೀಪಗಳು ಉಳಿದಿದ್ದುವೆಂದು ಅದರಲ್ಲಿತ್ತು. ನಿದ್ದೆ ಹತ್ತಲಿಲ್ಲ. ಬೆಳಗಿನ ಜಾವ ಎರಡು ಗಂಟೆಗೆ ಎದ್ದು, ನಾಯಿಯ ನಾಳವನ್ನು ಬಿಗಿದು, ದ್ವೀಪಗಳು ಮಾತ್ರ ಉಳಿಯುವವರೆಗೆ ಕಾದು, ಅವುಗಳ ರಸವನ್ನು ತೆಗೆಯಬೇಕೆಂದು ನಾಲ್ಕು ಸಾಲು ಗೀಚಿಕೊಂಡನು. ಮಧುಮೇಹವೆಂಬುದಕ್ಕೆ ಇಂಗ್ಲಿಷಿನಲ್ಲಿರುವ ಶಬ್ದದ ಕಾಗುಣಿತವನ್ನೂ ಆತ ತಪ್ಪಾಗಿಯೇ ಬರೆದಿದ್ದನು. ನಾಳವನ್ನು ಬಿಗಿಯುವ ಅಗತ್ಯವೇ ಇರಲಿಲ್ಲವೆಂದು ಮುಂದೆ ಗೊತ್ತಾಯಿತು. ಆದರೆ ತಪ್ಪು ದಾರಿ ಹಿಡಿದವನೂ ಕೆಲವೊಮ್ಮೆ ಸರಿಯಾದ ಬಾಗಿಲಿಗೆ ಬಂದು ನಿಲ್ಲುತ್ತಾನೆ, ನಡೆಯುವುದನ್ನು ನಿಲ್ಲಿಸದಿದ್ದರೆ.

ಆಗಿನ ರೋಗಿಗಳ ಗತಿಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಮಕ್ಕಳಿಗೆ ಈ ರೋಗ ಬಂದರೆ ತಿಂಗಳುಗಳಲ್ಲಿಯೋ ಒಂದೆರಡು ವರ್ಷಗಳಲ್ಲಿಯೋ ಸಾವು ನಿಶ್ಚಯ. ಅಮೆರಿಕದ ಅಲೆನ್ ಎಂಬ ವೈದ್ಯನು ಉಪವಾಸದ ಚಿಕಿತ್ಸೆಯನ್ನು ಹೇಳಿಕೊಟ್ಟಿದ್ದನು: ಉಸಿರು ಹಿಡಿದುಕೊಳ್ಳುವಷ್ಟು ಮಾತ್ರ ಆಹಾರ ಕೊಟ್ಟು ಸಾವನ್ನು ಮುಂದೂಡುವುದು. ರೋಗದಿಂದ ಸಾಯುವುದೋ ಹಸಿವಿನಿಂದ ಸಾಯುವುದೋ ಎಂಬ ಆಯ್ಕೆ ತಾಯಂದಿರ ಮುಂದಿತ್ತು. ನನ್ನ ರೋಗ ಐವತ್ತೇಳು ವರ್ಷ ಮೊದಲು ಬಂದಿದ್ದರೆ ನನ್ನ ತಾಯಿಯ ಮುಂದೆಯೂ ಅದೇ ಇರುತ್ತಿತ್ತು.

ಟೊರಾಂಟೊದ ಪ್ರಾಧ್ಯಾಪಕ ಮೆಕ್ಲೌಡನು ಈ ತರುಣನ ಮಾತನ್ನು ಅರೆನಂಬಿಕೆಯಿಂದಲೇ ಕೇಳಿದನು. ಆದರೂ ೧೯೨೧ರ ಬೇಸಗೆಯಲ್ಲಿ ಒಂದು ಪ್ರಯೋಗಶಾಲೆ, ಹತ್ತು ನಾಯಿಗಳು, ಒಬ್ಬ ಸಹಾಯಕ, ಇಷ್ಟನ್ನು ಕೊಟ್ಟು ತಾನು ಸ್ಕಾಟ್ಲೆಂಡಿಗೆ ಹೊರಟನು. ಸಹಾಯಕ ಚಾರ್ಲ್ಸ್ ಬೆಸ್ಟ್, ೨೨ ವರ್ಷದ ವಿದ್ಯಾರ್ಥಿ. ಗೆಳೆಯನೊಂದಿಗೆ ನಾಣ್ಯ ಚಿಮ್ಮಿ ಆ ಸರದಿಯನ್ನು ಗೆದ್ದವನೆಂದು ಪ್ರತೀತಿ. ಮೇ ೧೭ರಂದು ಕೆಲಸ ತೊಡಗಿತು. ಮಾಳಿಗೆಯ ಕೋಣೆಯ ಸೆಕೆ, ಸಾಯುವ ನಾಯಿಗಳು, ಸಂಬಳವಿಲ್ಲದ ದಿನಗಳು. ಜುಲೈ ೩೦ರಂದು ಮಧುಮೇಹ ಬಂದಿದ್ದ ನಾಯಿಯೊಂದಕ್ಕೆ ತಾವು ಸಿದ್ಧಪಡಿಸಿದ ರಸವನ್ನು ಚುಚ್ಚಿದಾಗ ಅದರ ರಕ್ತದ ಸಕ್ಕರೆ ಇಳಿಯಿತು. ಚಳಿಗಾಲದ ಹೊತ್ತಿಗೆ ಮಾರ್ಜರಿ ಎಂಬ ನಾಯಿಯನ್ನು ಅದೇ ರಸದಿಂದ ಸುಮಾರು ೭೦ ದಿನ ಬದುಕಿಸಿಕೊಂಡರು. ಅಷ್ಟರಲ್ಲಿ ಬ್ಯಾಂಟಿಂಗನು ಲಂಡನ್ನಿನ ಮನೆಯನ್ನು ಮಾರಿಬಿಟ್ಟಿದ್ದನು. ಹಿಂತಿರುಗಲು ಇನ್ನು ಊರಿರಲಿಲ್ಲ.

ಡಿಸೆಂಬರಿನಲ್ಲಿ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ಬಂದು ಸೇರಿದನು. ೧೯೨೨ರ ಜನವರಿ ೧೧ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ೧೪ ವರ್ಷದ ಹುಡುಗನಿಗೆ, ಮೂವತ್ತು ಕಿಲೋ ಕೂಡ ತೂಗದಿದ್ದ ಬಡವರ ಮಗನಿಗೆ, ಬ್ಯಾಂಟಿಂಗ್ ಮತ್ತು ಬೆಸ್ಟರ ರಸವನ್ನು ಚುಚ್ಚಿದರು. ಸಕ್ಕರೆ ಸ್ವಲ್ಪ ಇಳಿಯಿತು. ಆದರೆ ರಸ ಶುದ್ಧವಾಗಿರಲಿಲ್ಲ, ಚುಚ್ಚಿದ ಜಾಗ ಬಾತುಕೊಂಡಿತು. ಅಲ್ಲಿಗೆ ಚಿಕಿತ್ಸೆ ನಿಂತಿತು. ಕಾಲಿಪ್ ಹಗಲಿರುಳು ದುಡಿದು, ಮದ್ಯಸಾರದ ಪ್ರಮಾಣವನ್ನು ಹಂತಹಂತವಾಗಿ ಹೆಚ್ಚಿಸಿ ರಸವನ್ನು ಶೋಧಿಸಿದನು. ಜನವರಿ ೨೩ರಂದು ಅದನ್ನು ಕೊಟ್ಟಾಗ ೫೨೦ ಮಿಲಿಗ್ರಾಂ ಇದ್ದ ಸಕ್ಕರೆ ಒಂದೇ ದಿನದಲ್ಲಿ ೧೨೦ಕ್ಕೆ ಇಳಿಯಿತು. ಹುಡುಗ ಎದ್ದು ಕುಳಿತನು. ಇನ್ನೂ ೧೩ ವರ್ಷ ಬದುಕಿದನು.

ಇಂಥ ಗೆಲವಿನ ಗಳಿಗೆಯಲ್ಲಿ ನಾಲ್ವರೂ ಅಪ್ಪಿಕೊಂಡಿರಬೇಕೆಂದು ನಾವು ಊಹಿಸುತ್ತೇವೆ. ನಡೆದದ್ದು ಜಗಳ. ಶೋಧನೆಯ ಗುಟ್ಟನ್ನು ಹೇಳಲು ಕಾಲಿಪ್ ಹಿಂಜರಿದಾಗ ಬ್ಯಾಂಟಿಂಗನು ಆತನ ಮೇಲೆ ಕೈಮಾಡಿದನೆಂದೂ ಬೆಸ್ಟ್ ನಡುವೆ ಬಂದು ತಡೆದನೆಂದೂ ಹೇಳುವುದುಂಟು. ತನ್ನ ಯೋಚನೆಯನ್ನು ಮೆಕ್ಲೌಡ್ ಕಸಿದುಕೊಳ್ಳುತ್ತಿದ್ದಾನೆಂಬ ಸಂಶಯ ಬ್ಯಾಂಟಿಂಗನನ್ನು ಕೊರೆಯುತ್ತಿತ್ತು. ಆ ವರ್ಷದ ಮಾರ್ಚಿಯಲ್ಲಿ ಕುಡಿಯದೆ ಮಲಗಿದ ರಾತ್ರಿ ಅಪರೂಪವೆಂದು ತಾನೇ ಮುಂದೆ ಬರೆದುಕೊಂಡಿದ್ದಾನೆ. ವಾಷಿಂಗ್ಟನ್ನಿನ ಸಭೆಯಲ್ಲಿ ಮೇ ೩ರಂದು ಇನ್ಸುಲಿನ್ ಎಂಬ ಹೆಸರನ್ನು ಲೋಕಕ್ಕೆ ಸಾರಿದಾಗ ಆತ ಅಲ್ಲಿರಲಿಲ್ಲ.

ಆದರೆ ಅದೇ ಮನುಷ್ಯ ರೋಗಿಯ ಹಾಸಿಗೆಯ ಪಕ್ಕದಲ್ಲಿ ಬೇರೆಯೇ ಆಗಿಬಿಡುತ್ತಿದ್ದನು. ೧೯೨೨ರ ಆಗಸ್ಟಿನಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳು ಎಲಿಜಬೆತ್ ಹ್ಯೂಸ್ ಆತನಲ್ಲಿಗೆ ಬಂದಳು. ಹದಿನೈದು ತುಂಬುತ್ತಿದ್ದ ಆ ಹುಡುಗಿಯ ತೂಕ ೨೦ ಕಿಲೋ. ಮೂರು ವರ್ಷ ಉಪವಾಸದಲ್ಲಿ ಬದುಕಿದ್ದವಳಿಗೆ ಇನ್ಸುಲಿನ್ ಕೊಟ್ಟು, ಕೆಲವೇ ದಿನಗಳಲ್ಲಿ ಹೊಟ್ಟೆತುಂಬ ಊಟಕ್ಕೆ ಕೂರಿಸಿದನು. ಆಕೆ ಮದುವೆಯಾಗಿ, ಮಕ್ಕಳನ್ನು ಹೆತ್ತು, ೧೯೮೧ರವರೆಗೆ ಬದುಕಿದಳು. ಬಡವನ ಮಗ, ಮಂತ್ರಿಯ ಮಗಳು, ಇಬ್ಬರಿಗೂ ಒಂದೇ ಔಷಧ.

ಆ ಔಷಧ ಯಾರ ಸೊತ್ತು? ವೈದ್ಯನಾದವನು ರೋಗದ ಮೇಲೆ ಹಕ್ಕುಪತ್ರ ಬರೆಸಿಕೊಳ್ಳಬಾರದೆಂದು ಬ್ಯಾಂಟಿಂಗನ ಮನಸ್ಸು ಹಿಂಜರಿಯಿತು. ಬೇರೆ ಯಾರೂ ಅದನ್ನು ತಮ್ಮದೆಂದು ಬೇಲಿ ಹಾಕದಿರಲೆಂದೇ ಪೇಟೆಂಟ್ ಪಡೆಯಬೇಕೆಂದು ಗೊತ್ತಾದಾಗ, ೧೯೨೩ರ ಜನವರಿಯಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದು ಡಾಲರಿಗೆ ತಮ್ಮ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಒಬ್ಬರ ಮುಖವನ್ನೊಬ್ಬರು ನೋಡಲಾರದೆ ಇದ್ದವರು ಈ ಒಂದು ಕಾಗದಕ್ಕೆ ಕೂಡಿ ಸಹಿ ಹಾಕಿದರು. ಅವರ ಜಗಳಗಳನ್ನೆಲ್ಲ ನಾನು ಕ್ಷಮಿಸುವುದು ಈ ಸಹಿಗಾಗಿ.

ಅದೇ ವರ್ಷದ ನೊಬೆಲ್ ಪಾರಿತೋಷಕ ಬ್ಯಾಂಟಿಂಗ್ ಮತ್ತು ಮೆಕ್ಲೌಡರಿಗೆ ಬಂತು. ೩೨ನೆಯ ವಯಸ್ಸಿನ ಬ್ಯಾಂಟಿಂಗನಷ್ಟು ಕಿರಿಯರು ವೈದ್ಯವಿಭಾಗದಲ್ಲಿ ಈವರೆಗೂ ಅದನ್ನು ಪಡೆದಿಲ್ಲ. ಬೆಸ್ಟನ ಹೆಸರಿಲ್ಲವೆಂದು ಕೆರಳಿ, ಬೇಡವೆನ್ನಲು ಹೊರಟವನನ್ನು ಹಿತೈಷಿಗಳು ತಡೆದರು. ತನ್ನ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟನಿಗೆ ಕೊಟ್ಟನು. ಮೆಕ್ಲೌಡನು ತನ್ನದರಲ್ಲಿ ಅರ್ಧವನ್ನು ಕಾಲಿಪ್‌ನಿಗೆ ಕೊಟ್ಟನು. ಯಾರು ಕಂಡುಹಿಡಿದರೆಂಬ ವಾದ ಇಂದಿಗೂ ಮುಗಿದಿಲ್ಲ. ಒಬ್ಬನ ಹಟ, ಒಬ್ಬನ ಶ್ರದ್ಧೆ, ಒಬ್ಬನ ಕೈಚಳಕ, ಒಬ್ಬನ ವಿವೇಕ, ನಾಲ್ಕರಲ್ಲಿ ಒಂದಿಲ್ಲದಿದ್ದರೂ ಲಿಯೊನಾರ್ಡ್ ಬದುಕುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ.

ಓದುಗರು ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿಯಬಹುದು. ಹಲವು ಪಠ್ಯಪುಸ್ತಕಗಳಲ್ಲಿ ಮುಗಿಯುವುದೂ ಇಲ್ಲಿಯೇ. ಆದರೆ ಇನ್ಸುಲಿನ್ ರೋಗವನ್ನು ಗುಣಪಡಿಸಲಿಲ್ಲ. ಆರೋಗ್ಯವಂತನ ಗ್ರಂಥಿ ಕ್ಷಣಕ್ಷಣವೂ ರಕ್ತದ ಸಕ್ಕರೆಯನ್ನು ಅಳೆದು, ತಕ್ಕಷ್ಟು ರಸವನ್ನು ತೊಟ್ಟಿಕ್ಕಿಸುತ್ತದೆ. ಚುಚ್ಚಿದ ಔಷಧಕ್ಕೆ ಆ ವಿವೇಕವಿಲ್ಲ. ಕಡಿಮೆಯಾದರೆ ಸಕ್ಕರೆ ಏರಿ ಕಣ್ಣು, ಮೂತ್ರಪಿಂಡಗಳು ಮೆಲ್ಲಗೆ ಕೆಡುತ್ತವೆ; ಹೆಚ್ಚಾದರೆ ಸಕ್ಕರೆ ಕುಸಿದು, ಬೆವರಿ, ನಡುಗಿ, ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು. ಕಾಲಿಪ್‌ನ ಪ್ರಯೋಗಶಾಲೆಯಲ್ಲಿ ಮೊಲಗಳು ಸೆಟೆದು ಬಿದ್ದಾಗಲೇ ಈ ಅಪಾಯ ಗೊತ್ತಾಗಿತ್ತು. ಅಮೃತವೂ ವಿಷವೂ ಒಂದೇ ಪಾತ್ರೆಯಲ್ಲಿ ಹುಟ್ಟಿದುವು. ಆದುದರಿಂದ ಬ್ಯಾಂಟಿಂಗನು ನಮಗೆ ಜೀವವನ್ನು ಕೊಟ್ಟನು. ಜೀವದ ಜೊತೆಗೆ ಕಾವಲನ್ನೂ ಕೊಟ್ಟನು.

ನನ್ನ ಮನೆಯಲ್ಲಿ ಆ ಕಾವಲು ಅಮ್ಮನ ಪಾಲಿಗೆ ಬಂತು. ಗಾಜಿನ ಪಿಚಕಾರಿಯನ್ನು ದಿನವೂ ನೀರಿನಲ್ಲಿ ಕುದಿಸುವಳು. ಬೆನೆಡಿಕ್ಟ್ ದ್ರಾವಣದ ಪ್ರನಾಳದಲ್ಲಿ ನನ್ನ ಮೂತ್ರದ ಎಂಟು ಹನಿ ಹಾಕಿ ಕಾಯಿಸುವಳು; ನೀಲಿ ಉಳಿದರೆ ಸಮಾಧಾನ, ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಮುಖ ಬಾಡುವುದು. ರಾತ್ರಿ ಎರಡು ಗಂಟೆಗೆ ಎದ್ದು ನನ್ನ ಹಣೆಯನ್ನು ಮುಟ್ಟಿ ನೋಡುವಳು, ಬೆವರಿದೆಯೇ ಎಂದು. ಒಂದು ರಾತ್ರಿ ಹಣೆ ತಣ್ಣಗೆ ತೊಯ್ದಿತ್ತಂತೆ. ಕೂಗಿದರೆ ನಾನು ಓಗೊಡಲಿಲ್ಲವಂತೆ. ಬೆಲ್ಲವನ್ನು ನೀರಿನಲ್ಲಿ ಕದಡಿ ಬೆರಳಿನಿಂದ ನನ್ನ ಕೆನ್ನೆಯ ಒಳಗೆ ತಿಕ್ಕುತ್ತ ಬೆಳಗಿನವರೆಗೆ ಕುಳಿತಿದ್ದಳು. ನನಗೆ ನೆನಪಿರುವುದು ಬಾಯಿಯ ಸಿಹಿ ಮತ್ತು ಅವಳ ಕೈಯ ನಡುಕ. ನಾನು ಊರು ಬಿಟ್ಟು ಓದಲು ಹೋದ ಮೇಲೂ ಎರಡು ಗಂಟೆಗೆ ಅವಳಿಗೆ ಎಚ್ಚರವಾಗುವುದು ತಪ್ಪಲಿಲ್ಲ. ಮದುವೆಯಾದ ಮೇಲೆ ಆ ಕಾವಲು ನನ್ನ ಹೆಂಡತಿಗೆ ದಾಟಿತು.

ಈಗ ಎರಡು ವರ್ಷದಿಂದ ಅದನ್ನು ಒಂದು ಯಂತ್ರ ಹಂಚಿಕೊಂಡಿದೆ. ಇಂಥ ಯಂತ್ರದ ಕನಸು ಹೊಸದಲ್ಲ. ೧೯೬೦ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ಆರ್ನಾಲ್ಡ್ ಕೇಡಿಶ್ ಎಂಬ ವೈದ್ಯನು ಕಟ್ಟಿದ್ದು ಬೆನ್ನಿಗೆ ಹೊರುವ ಗಂಟಿನಷ್ಟು ದೊಡ್ಡದಾಗಿತ್ತು. ೧೯೭೦ರ ದಶಕದ ಬಯೋಸ್ಟೇಟರ್ ಆಸ್ಪತ್ರೆಯ ಹಾಸಿಗೆಯ ಪಕ್ಕವನ್ನು ಬಿಟ್ಟು ಕದಲುವಂತಿರಲಿಲ್ಲ. ಮನೆಯಲ್ಲಿ ನಿತ್ಯವೂ ಧರಿಸಬಹುದಾದ ಮೊದಲ ಯಂತ್ರಕ್ಕೆ ಅಮೆರಿಕದಲ್ಲಿ ಒಪ್ಪಿಗೆ ದೊರೆತದ್ದು ೨೦೧೬ರಲ್ಲಿ. ನನ್ನ ತೋಳಿಗಂಟಿಸಿದ ಸೆನ್ಸರ್ ಚರ್ಮದಡಿಯ ದ್ರವದಲ್ಲಿರುವ ಸಕ್ಕರೆಯನ್ನು ಐದು ನಿಮಿಷಕ್ಕೊಮ್ಮೆ ಅಳೆದು ಸೊಂಟದ ಪಂಪಿಗೆ ಹೇಳುತ್ತದೆ. ಪಂಪಿನೊಳಗಿನ ಲೆಕ್ಕಾಚಾರ ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಮುಂಗಂಡು, ಸಣ್ಣ ನಳಿಕೆಯ ಮೂಲಕ ಇನ್ಸುಲಿನ್ನನ್ನು ಹೆಚ್ಚಿಸುತ್ತದೆ, ತಗ್ಗಿಸುತ್ತದೆ, ಬೇಕಾದರೆ ನಿಲ್ಲಿಸಿಯೂ ಬಿಡುತ್ತದೆ. ಅದು ಬಂದ ಮೊದಲ ರಾತ್ರಿ ನನ್ನ ಹೆಂಡತಿ ಬೆಳಗಿನವರೆಗೆ ನಿದ್ದೆ ಮಾಡಿದಳು. ನಾನು ಮಾತ್ರ ಎಚ್ಚರವಾಗಿದ್ದು, ಅಮ್ಮ ಇದ್ದಿದ್ದರೆ ಎಂದುಕೊಂಡೆ. ಅವಳು ತೀರಿಕೊಂಡು ಬಹಳ ವರ್ಷಗಳಾಗಿದ್ದುವು.

ಯಂತ್ರವನ್ನು ಪೂರ್ತಿ ನಂಬುವಂತೆಯೂ ಇಲ್ಲ. ಚರ್ಮದಡಿ ಸುರಿದ ಇನ್ಸುಲಿನ್ ತನ್ನ ಬಲ ತೋರಲು ಒಂದು ಗಂಟೆಯಷ್ಟು ಹೊತ್ತು ಬೇಕು. ಅನ್ನ ಅದಕ್ಕಿಂತ ಬೇಗ ರಕ್ತಕ್ಕೆ ಇಳಿಯುತ್ತದೆ. ಆದುದರಿಂದ ಊಟಕ್ಕೆ ಕೂರುವ ಮೊದಲು ಎಷ್ಟು ಉಣ್ಣುತ್ತೇನೆಂದು ನಾನೇ ಅದಕ್ಕೆ ತಿಳಿಸಬೇಕು. ಒಮ್ಮೆ ನಳಿಕೆ ಮಡಿಚಿಕೊಂಡು ಔಷಧ ನಿಂತುಹೋಗಿ, ನಡುರಾತ್ರಿ ಯಂತ್ರ ಕೂಗಿ ನನ್ನನ್ನು ಎಬ್ಬಿಸಿತು. ಹೊಸ ನಳಿಕೆ ಚುಚ್ಚಿಕೊಳ್ಳಬೇಕಾದವನು ನಾನೇ. ಕಾವಲು ಮುಗಿದಿಲ್ಲ; ಹಂಚಿಕೆಯಾಗಿದೆ.

ಬ್ಯಾಂಟಿಂಗನಿಗೆ ಕೊನೆಯವರೆಗೂ ಎರಡನೆಯ ಗೆಲವು ಒಲಿಯಲಿಲ್ಲ. ಸರಕಾರ ವರ್ಷಾಶನ ಕೊಟ್ಟಿತು. ೧೯೩೪ರಲ್ಲಿ ಸರ್ ಪದವಿ ಬಂತು. ಅರ್ಬುದ ರೋಗದ ಮೇಲೆ ವರ್ಷಗಟ್ಟಲೆ ದುಡಿದರೂ ಹೇಳಿಕೊಳ್ಳುವಂಥದು ಸಿಕ್ಕಲಿಲ್ಲ. ಮೊದಲ ಮದುವೆ ಮುರಿಯಿತು. ಚಿತ್ರ ಬರೆಯುವುದರಲ್ಲಿ ನೆಮ್ಮದಿ ಕಂಡುಕೊಂಡು, ಎ. ವೈ. ಜ್ಯಾಕ್ಸನ್ ಎಂಬ ಹೆಸರಾಂತ ಕಲಾವಿದನ ಜೊತೆ ಹಿಮದ ಹಳ್ಳಿಗಳನ್ನು ಸುತ್ತುತ್ತಿದ್ದನು. ೧೯೨೭ರಲ್ಲಿ ಉತ್ತರ ಧ್ರುವಪ್ರದೇಶದವರೆಗೂ ಹೋಗಿಬಂದಿದ್ದನು. ಎರಡನೆಯ ಮಹಾಯುದ್ಧ ಬಂದಾಗ ಮತ್ತೆ ಸಮವಸ್ತ್ರ ತೊಟ್ಟು, ವಿಮಾನಚಾಲಕರ ದೇಹಸ್ಥಿತಿಯ ಸಂಶೋಧನೆಗೆ ಇಳಿದನು. ೧೯೪೧ರ ಫೆಬ್ರವರಿ ೨೦ರ ರಾತ್ರಿ ಇಂಗ್ಲೆಂಡಿಗೆ ಹೊರಟ ಆತನ ವಿಮಾನ ನ್ಯೂಫೌಂಡ್‌ಲೆಂಡಿನ ಹಿಮದಲ್ಲಿ ಬಿದ್ದಿತು. ಮರುದಿನ ಆತ ಸತ್ತನು. ವಯಸ್ಸು ೪೯.

ನನ್ನ ಕಾಲೇಜಿನಲ್ಲಿ ಒಬ್ಬಳು ವಿದ್ಯಾರ್ಥಿನಿ ಇದ್ದಾಳೆ. ನನ್ನದೇ ರೋಗ. ಮನೆಯಲ್ಲಿ ಫ್ರಿಜ್ ಇಲ್ಲ. ಒದ್ದೆ ಮರಳಿನ ಮೇಲೆ ಕೂರಿಸಿದ ಮಣ್ಣಿನ ಮಡಕೆಯಲ್ಲಿ ಇನ್ಸುಲಿನ್ ಸೀಸೆಯನ್ನು ಇಡುತ್ತಾರೆ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುತ್ತಾಳೆ. ಒಂದು ದಿನ ನನ್ನ ಸೊಂಟದ ಪಂಪನ್ನು ಕಂಡು ಅದರ ಬೆಲೆ ಎಷ್ಟು ಸರ್ ಎಂದು ವಿಚಾರಿಸಿದಳು. ಹೇಳಲು ನಾಲಗೆ ಏಳಲಿಲ್ಲ. ಯಂತ್ರಕ್ಕೆ ಕೆಲವು ಲಕ್ಷ ರೂಪಾಯಿ. ಆ ಮೇಲೆ ತಿಂಗಳು ತಿಂಗಳೂ ಸೆನ್ಸರ್, ನಳಿಕೆಗಳ ಖರ್ಚು ಬೇರೆ. ಒಂದೊಂದು ಡಾಲರಿಗೆ ಬರೆದುಕೊಟ್ಟ ಔಷಧವನ್ನು ಸರಿಯಾದ ಹೊತ್ತಿಗೆ ಸರಿಯಾದಷ್ಟು ಒಳಗೆ ಬಿಡುವ ವಿವೇಕಕ್ಕೆ ಇಷ್ಟು ಬೆಲೆ. ಕೊನೆಗೆ ನಿಜವನ್ನೇ ಹೇಳಿದೆ. ಆಕೆ ತಲೆಯಾಡಿಸಿ, ರಾತ್ರಿ ತನ್ನ ತಾಯಿ ಎದ್ದು ನೋಡುತ್ತಾಳೆಂದು ಸಮಾಧಾನದ ಧ್ವನಿಯಲ್ಲಿಯೇ ಹೇಳಿ ತರಗತಿಗೆ ಹೋದಳು.

ಎಷ್ಟು ಗಂಟೆಗೆ ಏಳುತ್ತಾರೆಂದು ನಾನು ಕೇಳಲಿಲ್ಲ. ಬ್ಯಾಂಟಿಂಗನ ಋಣವನ್ನು ಟೊರಾಂಟೊಕ್ಕೆ ಹೋಗಿ ತೀರಿಸುವಂತಿಲ್ಲ. ಆ ತಾಯಿ ಒಂದು ರಾತ್ರಿ ಬೆಳಗಿನವರೆಗೆ ನಿದ್ದೆ ಮಾಡುವಂತಾದರೆ ಅದರಲ್ಲೊಂದು ಕಾಸು ಸಂದಂತೆ.